ವಿರೋಧ ಪಕ್ಷ ಹಾಕಿದ ಸಹಿ

ಅವನ ಕೆಲಸ ಬೀದಿ ದೀಪ ನೋಡಿಕೊಳ್ಳುವುದು. ಹುದ್ದೆಯ ಹೆಸರು ಬೇರೇನೋ ಉದ್ದಕ್ಕಿದೆ, ಸಂಬಳದ ಚೀಟಿಯಲ್ಲಿ ಒಂದು ಸಾಲಿಗೆ ಹಿಡಿಸದೆ ಎರಡನೇ ಸಾಲಿಗೆ ಇಳಿಯುತ್ತದೆ. ಊರಿನವರಿಗೆ ಆ ಹೆಸರಿನ ಗೊಡವೆ ಇಲ್ಲ. ಅವರು ಅವನನ್ನು ಕರೆಯುವುದು ‘ವಿರೋಧ ಪಕ್ಷ’ ಎಂದು.

ಹಾಗೆಂದು ಅವನು ಯಾವ ಪಕ್ಷದವನೂ ಅಲ್ಲ. ಅಧಿಕಾರಕ್ಕೆ ಯಾರು ಬರುತ್ತಾರೋ ಅವರನ್ನು ಬೈಯುವುದು ಅವನ ಪಕ್ಷ. ಹಿಂದಿನ ಸರ್ಕಾರ ಬಿದ್ದ ದಿನ ಚಹಾ ಅಂಗಡಿಯಲ್ಲಿ ಎಲ್ಲರಿಗೂ ತಾನೇ ಚಹಾ ಕೊಡಿಸಿದ್ದ. ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಂಡ ಮರುದಿನ ಅದೇ ಬೆಂಚಿನ ಮೇಲೆ ಕುಳಿತು, ‘ಇವರೂ ಅಷ್ಟೇ ಕಣ್ರೀ’ ಎಂದು ಶುರು ಹಚ್ಚಿಕೊಂಡ. ಒಂದು ದಿನ ತಡೆದುಕೊಳ್ಳಬಾರದೇ ಎಂದು ಯಾರೋ ಕೇಳಿದ್ದಕ್ಕೆ, ಕಾದರೆ ಬೈಗುಳ ಹಳಸುತ್ತದೆ ಎಂದಿದ್ದ.

ಬೈಯುವುದರಲ್ಲಿ ಅವನಿಗೆ ಒಂದು ಶಿಸ್ತೂ ಇತ್ತು. ಬೆಳಿಗ್ಗೆ ಪತ್ರಿಕೆ ಓದುತ್ತ ಆಳುವ ಪಕ್ಷ, ಮಧ್ಯಾಹ್ನ ಕಂಬ ಹತ್ತುವಾಗ ಎದುರು ಪಕ್ಷ, ಸಂಜೆ ಮನೆಯಲ್ಲಿ ಟಿವಿ ಮುಂದೆ ಎರಡೂ ಸೇರಿ. ಏಣಿ ಹಿಡಿಯುವ ಜೊತೆಗಾರ, ಎಲ್ಲರೂ ಏಣಿಯಣ್ಣ ಎನ್ನುವ ಹಿರಿಯ, ಕೆಳಗೆ ನಿಂತು ಎಲ್ಲಕ್ಕೂ ‘ಹೂಂ’ ಎನ್ನುತ್ತಿದ್ದ. ಆ ‘ಹೂಂ’ನಲ್ಲಿ ಒಪ್ಪಿಗೆ ಎಷ್ಟು, ಕಾಲುನೋವು ಎಷ್ಟು ಎಂದು ಹೇಳುವುದು ಕಷ್ಟ.

‘ಜನರ ಸುರಕ್ಷತೆ ಬಗ್ಗೆ ಮಾತಾಡ್ತಾರಲ್ಲಣ್ಣ, ಇವರ ಹಿಂದೆ ಮುಂದೆ ಹನ್ನೆರಡು ಕಾರು, ನಲವತ್ತು ಬಂದೂಕು. ಒಂದು ದಿನ ಒಬ್ಬರೇ ಸಂಜೆ ಹಾಲು ತರೋಕೆ ನಡ್ಕೊಂಡು ಹೋಗಲಿ ನೋಡೋಣ.’

‘ಹೂಂ.’

‘ಹೂಂ ಅಂದ್ರೆ?’

‘ಏಣಿ ಜಾರ್ತಾ ಇದೆ ಕಣಪ್ಪ, ಕಾಲು ಸರಿಯಾಗಿಡು.’

ಇಷ್ಟೆಲ್ಲ ಬಾಯಿ ಇದ್ದವನು ಕಚೇರಿಯ ಮೆಟ್ಟಿಲು ಹತ್ತಿದ ಕೂಡಲೇ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದ. ಅದು ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ದೇಶದ ನಾಯಕರನ್ನು ಬೈದರೆ ಅವರಿಗೆ ಕೇಳುವುದಿಲ್ಲ, ಸಾಹೇಬರನ್ನು ಬೈದರೆ ಕೇಳುತ್ತದೆ. ಇದನ್ನು ಅವನು ಜಾಣತನ ಎಂದುಕೊಂಡಿದ್ದ. ನಾವೆಲ್ಲ ಹಾಗೆಯೇ ಅಂದುಕೊಳ್ಳುತ್ತೇವೆ.

ಕಚೇರಿಯಲ್ಲಿ ದೀಪಗಳದ್ದೇ ಒಂದು ದಪ್ಪ ಪುಸ್ತಕವಿತ್ತು. ಒಂದೊಂದು ಪುಟದಲ್ಲಿ ಒಂದೊಂದು ಬೀದಿ, ಒಂದೊಂದು ಸಾಲಿನಲ್ಲಿ ಒಂದೊಂದು ಕಂಬದ ನಂಬರು, ಎದುರಿಗೆ ದಿನಕ್ಕೊಂದು ಚೌಕ. ದೀಪ ಉರಿಯುತ್ತಿದ್ದರೆ ಸರಿ ಗುರುತು, ಇಲ್ಲದಿದ್ದರೆ ಅಡ್ಡಗೆರೆ. ಪುಟದ ಕೆಳಗೆ ಸಹಿ. ಈ ಪುಸ್ತಕ ಸಂಜೆ ನಾಲ್ಕೂವರೆಗೆ ಗುಮಾಸ್ತೆಯ ಮೇಜಿಗೆ ಹೋಗಬೇಕು, ಏಕೆಂದರೆ ಐದಕ್ಕೆ ಕಚೇರಿ ಮುಚ್ಚುತ್ತದೆ. ದೀಪ ಹತ್ತುವುದು ಆರೂವರೆಗೆ. ಉರಿಯುವ ಎರಡು ಗಂಟೆ ಮೊದಲೇ ಉರಿಯುತ್ತಿದೆ ಎಂದು ಬರೆಯದೆ ಬೇರೆ ದಾರಿಯಿಲ್ಲ. ಈ ಕೆಲಸಕ್ಕೆ ಸೇರಿದವರೆಲ್ಲ ಮೊದಲ ವಾರ ಇದಕ್ಕೆ ನಗುತ್ತಾರೆ, ಎರಡನೇ ವಾರದಿಂದ ಸರಿ ಗುರುತು ಹಾಕುತ್ತಾರೆ. ಅವನು ಇಪ್ಪತ್ತೆರಡು ವರ್ಷ ಹಾಕಿದ್ದ. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ, ಬಾಯಲ್ಲಿ ಹಣಕಾಸು ಮಂತ್ರಿಯನ್ನು ಬೈಯುತ್ತಲೇ ಕೈಯಲ್ಲಿ ಒಂದು ಪುಟ ಮುಗಿಸುತ್ತಿದ್ದ.

ಹೀಗಿರುವಾಗ ಆಳುವ ಪಕ್ಷದ ದೊಡ್ಡ ನಾಯಕರು ಇಪ್ಪತ್ತೆಂಟನೇ ತಾರೀಖು ಊರಿಗೆ ಬರುವ ಸುದ್ದಿ ಬಂತು. ಮುಖ್ಯ ರಸ್ತೆಯಲ್ಲಿ ಮೆರವಣಿಗೆ, ಮೈದಾನದಲ್ಲಿ ಸಭೆ, ವಿಷಯ ‘ಸುರಕ್ಷಿತ ನಾಡು’. ಸಾಹೇಬರು ಅವನನ್ನು ಒಳಗೆ ಕರೆದರು.

‘ಮುಖ್ಯ ರಸ್ತೆ ಜಗಜಗ ಅನ್ನಬೇಕು. ಹೊಸ ದೀಪ ಬರೋಕೆ ಟೈಮಿಲ್ಲ. ಆಸ್ಪತ್ರೆ ಹಿಂದಿನ ಬೀದಿಯ ಆರೂ ಬಿಚ್ಚಿ, ಅಲ್ಲಿಗೆ ಹಾಕಿಬಿಡಿ.’

‘ಸಾರ್, ಅದು ಹೆಂಗಸರು ಓಡಾಡೋ ಬೀದಿ. ಸಂಜೆ ಶಿಫ್ಟ್ ಮುಗಿಸಿ—’

‘ಎರಡೇ ದಿನ ರೀ.’

‘ಪುಸ್ತಕದಲ್ಲಿ ಏನು ಬರೀಲಿ ಸಾರ್?’

‘ಯಾವತ್ತಿನ ಹಾಗೆ ಬರೀರಿ. ಎರಡು ದಿನಕ್ಕೆ ಯಾಕೆ ಗಲೀಜು ಮಾಡೋದು.’

ಆ ಬೀದಿಯಲ್ಲಿ ಓಡಾಡುವ ಹೆಂಗಸರಲ್ಲಿ ಅವನ ಹೆಂಡತಿಯೂ ಒಬ್ಬಳು. ಅವಳು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಸಂಜೆ ಏಳಕ್ಕೆ ಕೆಲಸ ಬಿಟ್ಟು ಹಿಂದಿನ ಗೇಟಿನಿಂದ ಹೊರಬಿದ್ದರೆ ಆ ಬೀದಿ, ಬೀದಿ ಮುಗಿದರೆ ಮನೆ. ಇದನ್ನು ಅವನು ಸಾಹೇಬರಿಗೆ ಹೇಳಲಿಲ್ಲ. ಹೇಳಿದರೆ ಸ್ವಂತದ್ದಕ್ಕೆ ಕೇಳಿದ ಹಾಗಾಗುತ್ತದೆ ಎಂದು ಸುಮ್ಮನಾದ. ತನ್ನ ಕೈಯಾರೆ ಆರೂ ದೀಪ ಬಿಚ್ಚಿದ, ಕಂಬಕ್ಕೆ ಬಿಗಿಯುವ ಕಬ್ಬಿಣದ ತೋಳಿನ ಸಮೇತ. ಏಣಿಯಣ್ಣ ಕೆಳಗಿನಿಂದ ಒಂದೊಂದನ್ನೇ ಹಿಡಿದುಕೊಂಡ. ಮುಖ್ಯ ರಸ್ತೆಗೆ ಹಾಕಿದ ಮೇಲೆ ಪಕ್ಷದ ಹುಡುಗರು ಬಂದು ಪ್ರತಿ ತೋಳಿಗೂ ನಾಯಕರ ಮುಖದ ಒಂದು ಚೀಟಿ ಅಂಟಿಸಿಹೋದರು. ಊಟದ ತಟ್ಟೆಯಷ್ಟು ಅಗಲದ ನಗುಮುಖ, ಕೆಳಗೆ ಸಭೆಯ ತಾರೀಖು.

ಸಭೆ ಆಯಿತು. ಈ ನಾಡಿನಲ್ಲಿ ಇನ್ನು ಯಾವ ಹೆಣ್ಣುಮಗಳೂ ಹೆದರಿ ನಡೆಯಬೇಕಿಲ್ಲ ಎಂದು ನಾಯಕರು ಹೇಳಿದರು. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ಆಸ್ಪತ್ರೆ ಹಿಂದಿನ ಬೀದಿಗೂ ಕೇಳಿಸಿರಬೇಕು, ಅಲ್ಲಿ ಅವನ ಹೆಂಡತಿ ಮೊಬೈಲಿನ ಬೆಳಕು ನೆಲಕ್ಕೆ ಬಿಟ್ಟುಕೊಂಡು ಮನೆಗೆ ಬರುತ್ತಿದ್ದಳು.

ಎರಡು ದಿನ ನಾಲ್ಕಾಯಿತು, ನಾಲ್ಕು ಎಂಟಾಯಿತು. ಅವನು ಸಾಹೇಬರನ್ನು ಮೂರು ಸಲ ಕೇಳಿದ. ಮೂರನೇ ಸಲ ಉತ್ತರ ಬಂತು.

‘ಈಗ ಬಿಚ್ಚಿದ್ರೆ ಆಗಲ್ಲ ರೀ. ಹದಿನಾಲ್ಕನೇ ತಾರೀಖು ಎದುರು ಪಕ್ಷದ ನಾಯಕರು ಬರ್ತಿದ್ದಾರೆ. ಅವರಿಗೆ ಕಮ್ಮಿ ಮಾಡಿದ್ರೆ ನಾಳೆ ಅವರು ಅಧಿಕಾರಕ್ಕೆ ಬಂದಾಗ ನನ್ನ ಗತಿ?’

ಸಂಜೆ ಹೆಂಡತಿ ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದಳು. ‘ರೀ, ಏನಾಯ್ತು ನಮ್ಮ ಬೀದಿ ದೀಪ?’

‘ಹಾಕ್ತಾರಂತೆ.’

‘ಹಾಕೋರು ಯಾರು? ನೀವೇ ತಾನೆ?’

‘ಹೇಳಬೇಕಲ್ಲ ಕಣೇ ಅವರು.’ ಅಷ್ಟು ಹೇಳಿ ಟಿವಿಯ ಕಡೆಗೆ ತಿರುಗಿ, ‘ನೋಡು ಇವನ ಮುಖಾನ, ಗಡಿ ಕಾಯ್ತಾನಂತೆ’ ಎನ್ನುತ್ತಿದ್ದ. ಮಗಳು ಹೈಸ್ಕೂಲಿನ ಹುಡುಗಿ, ಪುಸ್ತಕದಿಂದ ತಲೆ ಎತ್ತದೆ, ‘ಅಪ್ಪ, ಗಡಿ ಆಮೇಲೆ, ಮೊದಲು ಆಸ್ಪತ್ರೆ ಗೇಟು’ ಎಂದು ಒಂದು ದಿನ ಅಂದಳು. ಅವನಿಗೆ ಸಿಟ್ಟು ಬಂತು. ನಿಜ ಹೇಳಿದವರ ಮೇಲೆ ಬರುವ ಸಿಟ್ಟೇ ಬೇರೆ, ಅದು ಬೇಗ ಇಳಿಯುವುದಿಲ್ಲ.

ಹದಿನಾಲ್ಕನೇ ತಾರೀಖು ಎದುರು ಪಕ್ಷದ ನಾಯಕರು ಬಂದರು. ಅವರ ಹುಡುಗರು ಅವೇ ತೋಳುಗಳ ಇನ್ನೊಂದು ಬದಿಗೆ ತಮ್ಮ ನಾಯಕರ ಮುಖ ಅಂಟಿಸಿದರು, ಅದಕ್ಕೂ ಒಂದು ತಾರೀಖು. ಇವರ ಸಭೆಯ ವಿಷಯ ‘ಕುಸಿದು ಬಿದ್ದ ಕಾನೂನು ಸುವ್ಯವಸ್ಥೆ’. ಅದನ್ನು ಕಾಯಲು ಊರಿನ ಪೊಲೀಸರೆಲ್ಲ ಮೈದಾನಕ್ಕೆ ಹೋಗಿದ್ದರು.

ಸಂಜೆ ಏಳೂಕಾಲರ ಹೊತ್ತಿಗೆ ಆಸ್ಪತ್ರೆ ಹಿಂದಿನ ಬೀದಿಯಲ್ಲಿ ಹೆಡ್‌ಲೈಟ್ ಆರಿಸಿಕೊಂಡ ಒಂದು ಬೈಕು ಅವನ ಹೆಂಡತಿಯ ಪಕ್ಕದಲ್ಲೇ ಹಾದು, ಹೆಗಲ ಚೀಲ ಎಳೆದುಕೊಂಡು ಹೋಯಿತು. ಚೀಲದ ಜೊತೆ ಅವಳೂ ನಾಲ್ಕು ಹೆಜ್ಜೆ ಎಳೆತಕ್ಕೆ ಸಿಕ್ಕಿ ಓಡಿ, ಚರಂಡಿಯ ಒಡೆದ ಚಪ್ಪಡಿಯ ಮೇಲೆ ಬಿದ್ದಳು. ಚೀಲದಲ್ಲಿ ಇದ್ದದ್ದು ಊಟದ ಡಬ್ಬಿ, ಮನೆಯ ಬೀಗದಕೈ, ಮೊಬೈಲು. ಮುರಿದದ್ದು ಬಲಗೈ ಮಣಿಕಟ್ಟು. ದಿನಕ್ಕೆ ಇಪ್ಪತ್ತು ಬಾಣಂತಿಯರನ್ನು ಎಬ್ಬಿಸಿ ಕೂರಿಸುವ ಕೈ ಅದು. ಅವಳೇ ಎದ್ದು, ಆ ಕೈಯನ್ನು ಇನ್ನೊಂದು ಕೈಯಲ್ಲಿ ಎತ್ತಿಹಿಡಿದುಕೊಂಡು, ಬಂದ ದಾರಿಯಲ್ಲೇ ಆಸ್ಪತ್ರೆಗೆ ವಾಪಸು ನಡೆದಳು. ತಾನು ಕೆಲಸ ಮಾಡುವ ಕಟ್ಟಡಕ್ಕೆ ರೋಗಿಯಾಗಿ ಒಳಹೋದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಠಾಣೆಗೆ ಹೋದರು. ದೂರು ಬರೆದುಕೊಳ್ಳುವ ಪೇದೆ ಕನ್ನಡಕ ಮೂಗಿನ ತುದಿಗೆ ಇಳಿಸಿ ಕೂತಿದ್ದ. ಹಿಂದಿನ ದಿನ ಮೈದಾನದಲ್ಲಿ ನಿಂತು ನಿಂತು ಅವನ ಕಣ್ಣು ಕೆಂಪಾಗಿತ್ತು.

‘ಬೈಕಿನ ನಂಬರು?’

‘ಕಾಣಲಿಲ್ಲ. ಕತ್ತಲಿತ್ತು.’

‘ಬಣ್ಣ? ಎಷ್ಟು ಜನ?’

‘ಕತ್ತಲಿತ್ತು ಅಂದ್ನಲ್ಲ. ಆ ಬೀದೀಲಿ ದೀಪಾನೇ ಇಲ್ಲ, ಹದಿನೆಂಟು ದಿನ ಆಯ್ತು.’

ಪೇದೆ ದೀಪದ ಕಚೇರಿಗೆ ಫೋನು ಮಾಡಿದ. ಆ ಕಡೆ ಗುಮಾಸ್ತೆ ಪುಸ್ತಕ ತೆಗೆದು ಓದಿದಳು. ಪೇದೆ ಫೋನು ಇಟ್ಟು, ತಪ್ಪು ಮಾಡಿದ ಮಕ್ಕಳನ್ನು ನೋಡುವ ಹಾಗೆ ಅವಳನ್ನು ನೋಡಿದ.

‘ಆರೂ ದೀಪ ಉರೀತಿವೆ ಅಂತ ದಾಖಲೆ ಇದೆಯಲ್ಲಮ್ಮ. ನಿನ್ನೇದೂ ಇದೆ. ದಿನಾ ಸಹಿ ಇದೆ.’

ಗಂಡ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಇದು ಅವನು ಬಾಯಿ ಬಿಡಬೇಕಾಗಿದ್ದ ಗಳಿಗೆ. ಮೂರು ಸರ್ಕಾರಗಳನ್ನು ಬೈದು ಬೀಳಿಸಿದ ಬಾಯಿ ಅದು, ಚಹಾ ಅಂಗಡಿಯಲ್ಲಂತೂ ಬೀಳಿಸಿತ್ತು. ಅವನಿಗೆ ಇಪ್ಪತ್ತೆರಡು ವರ್ಷದ ಕೆಲಸ ನೆನಪಾಯಿತು, ಸಾಹೇಬರ ಮುಖ ನೆನಪಾಯಿತು, ಮಗಳ ಓದು ನೆನಪಾಯಿತು. ಅವನು ತನ್ನ ಮೊಣಕಾಲಿನ ಮೇಲಿದ್ದ ಏನೋ ಧೂಳು ಕೊಡವಿದ. ಪೇದೆ ಬರೆದ: ‘ದೀಪದ ಬೆಳಕು ಇದ್ದಾಗ್ಯೂ ವಾಹನವನ್ನು ಗುರುತಿಸಿರುವುದಿಲ್ಲ. ಆಯತಪ್ಪಿ ಬಿದ್ದಿರುವ ಸಾಧ್ಯತೆ ಇರುತ್ತದೆ.’

ಹೆಂಡತಿ ಆ ಕಾಗದಕ್ಕೆ ಸಹಿ ಮಾಡಲಿಲ್ಲ. ಬಲಗೈಯಲ್ಲಿ ಪಟ್ಟಿ ಇದೆ, ಆಮೇಲೆ ಮಾಡುತ್ತೇನೆ ಎಂದು ಎದ್ದಳು. ಮನೆಗೆ ಬಂದು, ಮಗಳ ಕೈಲಿ ತಲೆ ಬಾಚಿಸಿಕೊಳ್ಳುತ್ತ ಕೂತಾಗ ಟಿವಿಯಲ್ಲಿ ಚರ್ಚೆ ಶುರುವಾಯಿತು. ಅವನು ಅಭ್ಯಾಸಬಲದಿಂದ, ‘ಥೂ ಇವರ’ ಎಂದು ಬಾಯಿ ತೆರೆದ.

‘ಬೇಡ’ ಎಂದಳು ಹೆಂಡತಿ. ದನಿ ಏರಿಸಲಿಲ್ಲ. ‘ಇನ್ನು ಈ ಮನೇಲಿ ದೇಶದ ವಿಷಯ ನೀವು ಎತ್ತಬೇಡಿ. ನಿಮಗೆ ಆ ಹಕ್ಕಿಲ್ಲ.’

‘ನಾನೇನು ಮಾಡಲಿ ಕಣೇ, ಮೇಲಿನವರು—’

‘ಮೇಲಿನವರು ನನ್ನನ್ನ ಸುಳ್ಳಿ ಅಂದಿಲ್ಲ. ನಿಮ್ಮ ಸಹಿ ಅಂತು. ಬಾಯಲ್ಲಿ ಊರೆಲ್ಲ ಬೈತೀರಿ, ಕೈಯಲ್ಲಿ ಅವರು ಹೇಳಿದ್ದಕ್ಕೆಲ್ಲ ಸಹಿ ಹಾಕ್ತೀರಿ. ಟಿವೀಲಿ ಬರೋ ಅವರು ಮಾಡೋದೂ ಅದೇ ತಾನೆ?’

ಅವನು ಎದ್ದು ಟಿವಿ ಆರಿಸಿದ.

ನಾಲ್ಕು ದಿನ ವಿರೋಧ ಪಕ್ಷ ಬಾಯಿ ಬಿಡಲಿಲ್ಲ. ಚಹಾ ಅಂಗಡಿಯಲ್ಲಿ ಜನಕ್ಕೆ ಗಾಬರಿಯಾಯಿತು. ತೈಲದ ಬೆಲೆ ಏರಿದ ಸುದ್ದಿಯನ್ನು ಯಾರೋ ಬೇಕೆಂದೇ ಗಟ್ಟಿಯಾಗಿ ಓದಿದರು, ಅವನು ಲೋಟದೊಳಗೆ ನೋಡುತ್ತ ಕೂತ. ಇವನಿಗೇನಾದರೂ ಆಳುವ ಪಕ್ಷದಲ್ಲಿ ಸೀಟು ಸಿಕ್ಕಿತೇ ಎಂದು ಒಬ್ಬ ಚುಡಾಯಿಸಿದ, ಅವನು ಚಹಾದ ದುಡ್ಡು ಇಟ್ಟು ಎದ್ದುಹೋದ. ಇಷ್ಟು ವರ್ಷ ಅವನ ಸಿಟ್ಟು ಹೊರಗೆ ಹೋಗುತ್ತಿತ್ತು, ದೂರದ ಊರುಗಳ ಕಡೆಗೆ, ದೊಡ್ಡ ಕಟ್ಟಡಗಳ ಕಡೆಗೆ. ಈಗ ಅದು ವಿಳಾಸ ಹುಡುಕಿಕೊಂಡು ಮನೆಗೇ ಬಂದಿತ್ತು. ಹೆಂಡತಿ ಎಡಗೈಯಲ್ಲಿ ತಿನ್ನಲು ಹೋಗಿ ಸೀರೆಯ ಮೇಲೆ ಚೆಲ್ಲಿಕೊಂಡಾಗ, ಒರೆಸಲು ಅವನು ಬಟ್ಟೆ ತಂದರೆ, ಅವಳು ಅದನ್ನು ಮುಟ್ಟದೆ ಮಗಳ ಕೈಯಿಂದ ಬೇರೆ ಬಟ್ಟೆ ಇಸಕೊಂಡಳು.

ಐದನೇ ದಿನ ನಾಲ್ಕು ಗಂಟೆಗೆ ಅವನು ಪುಸ್ತಕ ತೆರೆದ. ಆಸ್ಪತ್ರೆ ಹಿಂದಿನ ಬೀದಿಯ ಪುಟ. ಕೆಂಪು ಪೆನ್ನಿನಿಂದ, ದೀಪ ಬಿಚ್ಚಿದ ದಿನದಿಂದ ಹಿಡಿದು ಅವತ್ತಿನವರೆಗಿನ ಒಂದೊಂದು ಸರಿ ಗುರುತನ್ನೂ ಹೊಡೆದು ಅಡ್ಡಗೆರೆ ಎಳೆದ. ಪುಟದ ಅಂಚಿನಲ್ಲಿ ಬರೆದ: ‘ಈ ಆರು ದೀಪಗಳು ಇಲ್ಲ. ಸಾಹೇಬರ ಮಾತಿನಂತೆ ನಾನೇ ಬಿಚ್ಚಿ ಮುಖ್ಯ ರಸ್ತೆಗೆ ಹಾಕಿದ್ದು. ಇಷ್ಟು ದಿನ ಉರಿಯುತ್ತಿವೆ ಎಂದು ಬರೆದದ್ದು ಸುಳ್ಳು.’ ಸಹಿ ಹಾಕಿದ. ಗುಮಾಸ್ತೆ ನೋಡಿ, ‘ಅಯ್ಯೋ, ಪುಸ್ತಕ ಹಾಳು ಮಾಡಿದ್ರಲ್ಲ’ ಎಂದಳು. ‘ಈಗ ರಿಪೇರಿ ಆಯ್ತಮ್ಮ’ ಎಂದು ಅವನು ಆ ಪುಟದ ನಕಲು ತೆಗೆಸಿಕೊಂಡು ನೇರ ಠಾಣೆಗೆ ನಡೆದ.

ಪೇದೆ ನಕಲನ್ನು ಎರಡು ಸಲ ಓದಿದ. ‘ನಿಮ್ಮ ಕೆಲಸಕ್ಕೆ ಕುತ್ತು ಬರುತ್ತೆ, ಗೊತ್ತಾ?’

‘ಗೊತ್ತು.’

‘ಅವತ್ತು ಇಲ್ಲೇ ಕೂತಿದ್ರಲ್ಲ, ಅವತ್ತೇ ಹೇಳಬಹುದಿತ್ತು.’

‘ಹೇಳಬಹುದಿತ್ತು’ ಎಂದ ಅವನು. ‘ಹೇಳಲಿಲ್ಲ. ಅದನ್ನೂ ಬರ್ಕೊಳ್ಳಿ.’

ಮರುದಿನ ಸಂಜೆ ಬೀದಿಗೆ ಬಂದು ತಾನೇ ಕಣ್ಣಾರೆ ನೋಡುತ್ತೇನೆ ಎಂದು ಪೇದೆ ಹೇಳಿದ. ಆ ಮಾತು ಕಚೇರಿಗೂ ಮುಟ್ಟಿತು. ಇನ್ನು ಸರ್ಕಾರಿ ಕೆಲಸ ನಿಧಾನ ಎಂದು ಯಾರಾದರೂ ಅಂದರೆ ನಂಬಬೇಡಿ. ಇಪ್ಪತ್ತಮೂರು ದಿನ ಕೈಯಾಡದ ಕಚೇರಿ ಒಂದೇ ಬೆಳಿಗ್ಗೆಯಲ್ಲಿ ಗಾಡಿ ತರಿಸಿತು, ಗುತ್ತಿಗೆಯ ಆಳುಗಳನ್ನು ಕರೆಸಿತು, ಮುಖ್ಯ ರಸ್ತೆಯಿಂದ ಆರೂ ದೀಪ ಇಳಿಸಿ ಆಸ್ಪತ್ರೆ ಹಿಂದಿನ ಬೀದಿಯ ಆರೂ ಕಂಬಕ್ಕೆ ಏರಿಸಿತು. ಏಣಿ ಇಟ್ಟವನು ಏಣಿಯಣ್ಣ. ಅದೇ ಹೊತ್ತಿಗೆ ಸಾಹೇಬರು ಇವನ ಕೈಗೆ ಒಂದು ನೋಟೀಸು ಕೊಟ್ಟರು: ‘ದೀಪಗಳು ಯಥಾಸ್ಥಾನದಲ್ಲಿ ಉರಿಯುತ್ತಿರುವಾಗ ಇಲ್ಲವೆಂದು ಸುಳ್ಳು ನಮೂದು ಮಾಡಿ ಇಲಾಖೆಯ ಹೆಸರು ಕೆಡಿಸಿದ್ದಕ್ಕೆ ನಿಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು?’

ಇಲ್ಲದ ದೀಪ ಇದೆ ಎಂದು ಇಪ್ಪತ್ತಮೂರು ದಿನ ಬರೆದಾಗ ಅವನು ಒಳ್ಳೆಯ ನೌಕರ. ಇಲ್ಲದ ದೀಪ ಇಲ್ಲ ಎಂದು ಒಂದೇ ಒಂದು ದಿನ ಬರೆದದ್ದಕ್ಕೆ ಸುಳ್ಳುಗಾರ. ಇದನ್ನು ಓದಿ ಅವನಿಗೆ ಸಿಟ್ಟು ಬಂತು. ಯಾರಿಗೆ ಬರುವುದಿಲ್ಲ ಹೇಳಿ.

ಸಂಜೆ ಆರೂವರೆಗೆ ಬೀದಿಯಲ್ಲಿ ಎಲ್ಲರೂ ಸೇರಿದರು. ಸಾಹೇಬರು ಇಸ್ತ್ರಿ ಅಂಗಿಯಲ್ಲಿ, ಪೇದೆ ಕೈಯಲ್ಲಿ ಫೈಲು ಹಿಡಿದು, ಏಣಿಯಣ್ಣ ಏಣಿಗೆ ಒರಗಿ, ಗಂಡ ಒಂದು ಕಡೆ, ಕೊರಳಿಗೆ ಕೈ ನೇತುಹಾಕಿಕೊಂಡ ಹೆಂಡತಿ ಮಗಳ ಜೊತೆ ಇನ್ನೊಂದು ಕಡೆ. ದೀಪಗಳು ಒಂದಾದ ಮೇಲೊಂದು ಮಿನುಗಿ ಹತ್ತಿಕೊಂಡವು.

‘ನೋಡಿ’ ಎಂದರು ಸಾಹೇಬರು. ‘ಆರಕ್ಕೆ ಆರು. ಇಲ್ಲಿಂದ ಒಂದು ಸ್ಕ್ರೂ ಸಹ ಆಚೀಚೆ ಹೋಗಿಲ್ಲ. ಈ ಮನುಷ್ಯನಿಗೆ ರಾಜಕೀಯದ ಹುಚ್ಚು, ಊರಿಗೇ ಗೊತ್ತು.’

ಅವನು ತಲೆ ಎತ್ತಿದ. ಹೆಂಡತಿಯೂ ಎತ್ತಿದಳು. ಮೊದಲು ನಕ್ಕಿದ್ದು ಮಗಳು. ಕಂಬದ ಮೇಲೆ, ದೀಪದ ತೋಳಿನ ಈ ಬದಿಯಲ್ಲಿ ಆಳುವ ಪಕ್ಷದ ನಾಯಕರು ಕೈಮುಗಿದು ನಗುತ್ತಿದ್ದರು, ಆ ಬದಿಯಲ್ಲಿ ಎದುರು ಪಕ್ಷದ ನಾಯಕರು ಕೈಬೀಸಿ ನಗುತ್ತಿದ್ದರು. ಸಂಸತ್ತಿನಲ್ಲಿ ಒಬ್ಬರ ಮುಖ ಒಬ್ಬರು ನೋಡದವರು ಇಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಒಂದೇ ಕಬ್ಬಿಣ ಹಂಚಿಕೊಂಡಿದ್ದರು. ಆರು ಕಂಬದಲ್ಲೂ ಹಾಗೆಯೇ.

ಪೇದೆ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದ. ‘ಮುಖ್ಯ ರಸ್ತೆ ಮೆರವಣಿಗೆಗೆ ಸುಸ್ವಾಗತ. ತಾರೀಖು ಇಪ್ಪತ್ತೆಂಟು.’ ಇನ್ನೊಂದು ಬದಿಗೆ ಹೋಗಿ ಓದಿದ. ‘ತಾರೀಖು ಹದಿನಾಲ್ಕು. ಮುಖ್ಯ ರಸ್ತೆ, ಮೈದಾನ.’ ಸಾಹೇಬರ ಕಡೆ ತಿರುಗಿದ. ‘ಇವರಿಬ್ಬರೂ ಈ ಸಂದಿಗೆ ಯಾವಾಗ ಬಂದಿದ್ರು ಸಾರ್?’

ಸಾಹೇಬರು ಏಣಿಯಣ್ಣನನ್ನು ಸುಡುವ ಹಾಗೆ ನೋಡಿದರು. ‘ಅದನ್ನ ಕೀಳೋಕೆ ಏನಾಗಿತ್ತು ನಿನಗೆ?’

ಕೇಳಿದ ಮೇಲೆ ಅವರಿಗೇ ಗೊತ್ತಾಯಿತು, ತಾವು ಏನು ಕೇಳಿದೆವೆಂದು. ಮಾತು ಬಾಯಿಂದ ಆಚೆ ಬಿದ್ದಾಗಿತ್ತು.

‘ದೀಪ ಬಿಚ್ಚಿ ತಂದು ಹಾಕು ಅಂದ್ರಿ, ಹಾಕಿಸ್ದೆ’ ಎಂದ ಏಣಿಯಣ್ಣ. ‘ಮುಖ ಕಿತ್ತು ಬಾ ಅಂತ ಯಾರೂ ಹೇಳಲಿಲ್ಲ ಸಾರ್. ದೊಡ್ಡವರ ಮುಖ, ಕೈ ಹಚ್ಚೋಕೆ ನಾನ್ಯಾರು?’

ಮೂವತ್ತು ವರ್ಷ ಬರೀ ‘ಹೂಂ’ ಎಂದವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದರೆ ಅದೂ ಒಂದು ಸುಳ್ಳು ನಮೂದಾಗುತ್ತದೆ. ಸಾಹೇಬರು ಇನ್ನೂ ಅದೇ ಕುರ್ಚಿಯಲ್ಲಿದ್ದಾರೆ. ನೋಟೀಸು ವಾಪಸಾಗಿಲ್ಲ, ‘ಪರಿಶೀಲನೆಯಲ್ಲಿದೆ’. ಅವನನ್ನು ಊರಿನ ಆಚೆ ತುದಿಯ ಗೋದಾಮಿಗೆ ಹಾಕಿದ್ದಾರೆ, ಅಲ್ಲಿ ಕೆಟ್ಟ ಬಲ್ಬು ಎಣಿಸುವ ಕೆಲಸ. ಬೈಕಿನವನು ಸಿಕ್ಕಿಲ್ಲ. ಪುಸ್ತಕ ಈಗಲೂ ನಾಲ್ಕೂವರೆಗೆ ಮೇಜಿಗೆ ಹೋಗುತ್ತದೆ, ದೀಪ ಈಗಲೂ ಆರೂವರೆಗೆ ಹತ್ತುತ್ತದೆ.

ಆದರೆ ಆ ಸಂಜೆ ಪೇದೆ ದೀಪದ ಕೆಳಗೇ ನಿಂತು, ತನ್ನ ಬೈಕಿನ ಸೀಟಿನ ಮೇಲೆ ಫೈಲು ಇಟ್ಟು, ಹಳೆಯ ಸಾಲು ಹೊಡೆದು ಹೊಸದು ಬರೆದ. ಹೆಂಡತಿ ಅದನ್ನು ಓದಿಸಿದಳು.

‘ಘಟನೆ ನಡೆದಾಗ ಬೀದಿಯಲ್ಲಿ ದೀಪ ಇರಲಿಲ್ಲ. ಕತ್ತಲಿತ್ತು.’

‘ಇನ್ನೊಂದು ಸಲ ಓದಿ.’

ಅವನು ಇನ್ನೊಂದು ಸಲ ಓದಿದ. ಅವಳು ಎಡಗೈಗೆ ಪೆನ್ನು ತೆಗೆದುಕೊಂಡಳು. ಅಕ್ಷರ ಡೊಂಕಾದವು, ಒಂದು ಗೆರೆಯಂತೂ ಕಾಗದದ ಅಂಚಿಗೇ ಹೋಯಿತು, ಅವಳಿಗೆ ಅವಸರವಿರಲಿಲ್ಲ. ಪೂರ್ತಿ ಹೆಸರು ಬರೆದಳು. ಅವಳು ಬರೆಯುವಷ್ಟು ಹೊತ್ತೂ ಗಂಡ ಫೈಲು ಅಲುಗದ ಹಾಗೆ ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ.

ಮನೆಗೆ ಬಂದು ಅವನು ಚಪ್ಪಲಿ ಬಿಟ್ಟು ಮೂಲೆಯಲ್ಲಿ ಕೂತ. ಟಿವಿ ಆರಿತ್ತು, ಆರೇ ಇತ್ತು ಅಷ್ಟು ದಿನ. ಹೆಂಡತಿ ಎಡಗೈಯಲ್ಲಿ ರಿಮೋಟು ಹುಡುಕಿ ತೆಗೆದು ಒತ್ತಿದಳು. ಪರದೆಯ ತುಂಬ ಅದೇ ಎರಡು ಮುಖ, ಪಕ್ಕಪಕ್ಕದ ಚೌಕದಲ್ಲಿ, ಜನರ ಸುರಕ್ಷತೆಗೆ ಯಾರು ಹೆಚ್ಚು ಮಾಡಿದ್ದು ಎಂದು ಕಿತ್ತಾಡುತ್ತಿದ್ದವು. ಅವಳು ಗಂಡನ ಪಕ್ಕದಲ್ಲೇ ಬಂದು ಕೂತು, ದನಿ ಜಾಸ್ತಿ ಮಾಡಿದಳು.

‘ಈಗ ಬೈರಿ’ ಎಂದಳು.